ಗಿಡ ಹಕ್ಕಿಗಳ ಫೋಟೋವೂ ಮನೆಯ ಷರತ್ತೂ

ಈ ಸಂಜೆಯ ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷರಾದ ವಕೀಲ ಅಮೃತಪ್ಪನವರೇ, ನಾನು ಆಡುವ ಪ್ರತಿಯೊಂದು ಮಾತನ್ನೂ ಕೇಳಲೇಬೇಕಾದ ಕರ್ತವ್ಯದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತಿರುವ ಪೊಲೀಸ್ ಅಮೀನ ಸಾಹೇಬರೇ, ಉದಗೀರ ವಾಚನಾಲಯದ ಹಿರಿಯರೇ, ಬಲಗಡೆಯ ಜಮಖಾನೆಯ ಮೇಲೆ ಕುಳಿತ ತಾಯಂದಿರೇ, ಜಾಗ ಸಾಲದೆ ಕಿಟಕಿಯ ಕಟ್ಟೆಗಳನ್ನು ಹತ್ತಿರುವ ತರುಣರೇ, ಹಾಗೂ ಸಮಸ್ತ ಸಭಿಕರೇ,

ಈಗ ತಾನೇ ನನ್ನ ಪರಿಚಯ ಮಾಡಿಕೊಟ್ಟ ಕಾರ್ಯದರ್ಶಿಗಳು ನನ್ನನ್ನು ಉಮರ್ಗಾದ ಸುಪ್ರಸಿದ್ಧ ಛಾಯಾಚಿತ್ರಗಾರ ಕಲ್ಯಾಣಪ್ಪನವರು ಎಂದು ಕರೆದರು. ಇರಬಹುದು. ಉಮರ್ಗಾದಲ್ಲಿ ಫೋಟೋ ತೆಗೆಯುವವನು ನಾನೊಬ್ಬನೇ. ಆಚೆ ನಿಲಂಗಾಕ್ಕೆ ಹೋದರೂ ನಾನೇ, ಈಚೆ ತುರೋರಿಗೆ ಬಂದರೂ ನಾನೇ. ಒಬ್ಬನೇ ಓಡಿದವನು ಮೊದಲನೆಯವನಾಗಿ ಬಂದರೆ ಅದರಲ್ಲಿ ಹೆಚ್ಚುಗಾರಿಕೆ ಏನಿದೆ? ಆದರೂ ಹೊಗಳಿಸಿಕೊಳ್ಳುವುದು ಹಿತವಾಗಿರುತ್ತದೆ, ಅದನ್ನು ನಾನು ಅಲ್ಲಗಳೆಯಲಾರೆ.

ಇಂದಿನ ವಿಷಯ, ಸೃಷ್ಟಿಯ ಫೋಟೋಗಳನ್ನು ಚೆನ್ನಾಗಿ ತೆಗೆಯುವುದಕ್ಕೆ ಬೇಕಾದ ಮೂಲ ನಿಯಮಗಳು. ಇದೇ ವಿಷಯ ಏಕೆ? ನಾಲ್ಕು ಜನ ಸಭೆ ಸೇರಬೇಕಾದರೆ ಸರಕಾರದ ಅನುಮತಿ ಬೇಕು ಎಂಬುದು ನಮ್ಮ ಹೈದರಾಬಾದ್ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದೆ. ಇತಿಹಾಸದ ಮೇಲೆ ಭಾಷಣ ಎಂದರೆ ಯಾವ ಇತಿಹಾಸ ಎಂದು ಕೇಳುತ್ತಾರೆ. ಭಾಷೆಯ ಮೇಲೆ ಎಂದರೆ ಯಾವ ಭಾಷೆ ಎಂದು ಕೇಳುತ್ತಾರೆ. ಬೇವಿನ ಗಿಡದ ಮೇಲೆ ಎಂದರೆ ಯಾವ ಬೇವಿನ ಗಿಡ ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ವಾಚನಾಲಯದ ಹಿರಿಯರು ಯೋಚನೆ ಮಾಡಿ ನನ್ನನ್ನು ಕರೆಸಿದ್ದಾರೆ. ಗಿಡ, ಹಕ್ಕಿ, ಕೆರೆ ಇವುಗಳನ್ನು ಬಿಟ್ಟು ಬೇರೆ ಸುದ್ದಿ ಎತ್ತುವುದಿಲ್ಲ, ಹೊತ್ತು ಮುಳುಗುವುದರೊಳಗೆ ಸಭೆ ಮುಗಿಸುತ್ತೇವೆ ಎಂದು ಒಪ್ಪಿಕೊಂಡಿದ್ದಾರೆ. ಅಮೀನ ಸಾಹೇಬರೇ, ತಾವು ನಿಶ್ಚಿಂತೆಯಿಂದ ಇರಬೇಕು. ಸರಕಾರದ ಷರತ್ತನ್ನು ಪಾಲಿಸುವುದು ನನಗೆ ಬಹಳ ಸುಲಭ.

ಕಷ್ಟವಿರುವುದು ಇನ್ನೊಂದು ಷರತ್ತಿನಲ್ಲಿ. ಅದು ಮನೆಯದು.

ನಿನ್ನೆ ನಿಲಂಗಾದಿಂದ ಇಲ್ಲಿಗೆ ಬರುವಾಗ ಚಕ್ಕಡಿಯಲ್ಲಿ ಒಬ್ಬರು ನನಗೆ ಹೇಳಿದರು. ಯಾರು ಎಂದು ಕೇಳಬೇಡಿ. ಅವರು ಹೇಳಿದ್ದು ಹೀಗೆ: "ನಾಳಿಗಿ ಭಾಷಣದಾಗ ನನ್ನ ಸುದ್ದಿ ಒಂದೂ ತೆಗೀಬ್ಯಾಡ್ರಿ. ನೀವು ಮಾತಾಡ್ಲಾಕ ನಿಂತ್ರಿ ಅಂದ್ರ ಸುತ್ತಿ ಬಳಸಿ ನನ್ನ ಮ್ಯಾಲೇ ಬರ್ತೀರಿ. ಮಂದಿ ಮುಂದ ನನಗ ನಾಚಿಕಿ ಆಗ್ತದ."

"ತೆಗೀಲಿಲ್ಲ ಅಂದ್ರ ಏನ್ ಕೊಡ್ತಿ?" ಎಂದು ನಾನು ಕೇಳಿದೆ.

ಅವರು ಎತ್ತುಗಳ ಕಡೆ ನೋಡಿದರು. "ತೆಗೀಲಿಲ್ಲ ಅಂದ್ರ ಫೋಟೋಕ್ಕ ಕೂಡ್ತೀನಿ" ಎಂದರು. ಆಮೇಲೆ ನಕ್ಕರು. ನನ್ನಿಂದ ಆಗುವುದಿಲ್ಲ ಎಂಬ ಖಾತ್ರಿಯ ನಗು ಅದು.

ಸಭಿಕರೇ, ಈ ಮಾತಿನ ತೂಕ ನಿಮಗೆ ತಿಳಿಯಬೇಕು. ನನ್ನ ಬಳಿ ಉಮರ್ಗಾ ಸೀಮೆಯ ಹುಣಸೆ ಮರಗಳ ಫೋಟೋ ಇದೆ. ಉದಗೀರ ಕೋಟೆಯ ಗೋಡೆಯಲ್ಲಿ ಬೆಳೆದ ಅತ್ತಿಗಿಡದ ಫೋಟೋ ಇದೆ. ಕೆಸರಿನಲ್ಲಿ ಮಲಗಿದ ಎಮ್ಮೆಯ ಫೋಟೋ ಇದೆ, ಅದೇ ಎಮ್ಮೆ ಎದ್ದು ನಿಂತದ್ದೂ ಇದೆ. ಆ ವ್ಯಕ್ತಿಯ ಫೋಟೋ ಒಂದೂ ಇಲ್ಲ. ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡ ದಿನದಿಂದ ಕೇಳುತ್ತಿದ್ದೇನೆ, ಆ ದಿನದಿಂದಲೂ ಇಲ್ಲ ಎನ್ನುತ್ತಿದ್ದಾರೆ. ಈ ಭಾಷಣವನ್ನು ಅವರ ಸುದ್ದಿ ಎತ್ತದೆ ಮುಗಿಸಿದೆನಾದರೆ, ಆಚೆ ಅಂಗಳದಲ್ಲಿ ವಾಚನಾಲಯದ ಸದಸ್ಯರ ಫೋಟೋಕ್ಕೆಂದು ಸಾಲಾಗಿ ಇಟ್ಟ ಕುರ್ಚಿಗಳಿವೆಯಲ್ಲ, ಅವುಗಳಲ್ಲಿ ಒಂದರ ಮೇಲೆ ಅವರು ಇವತ್ತೇ ಕೂಡುತ್ತಾರೆ. ಎತ್ತಿದೆನೋ, ಇಲ್ಲ.

ಈಗ ಒಂದು ಕಾನೂನಿನ ಪ್ರಶ್ನೆ ಏಳುತ್ತದೆ. ಷರತ್ತನ್ನು ಸಭೆಗೆ ತಿಳಿಸಿದ್ದೇ ಷರತ್ತು ಮುರಿದಂತೆ ಆಯಿತೇ? ನಾನು ಹೆಸರು ಹೇಳಿಲ್ಲ. ಸಂಬಂಧ ಹೇಳಿಲ್ಲ. ಅಧ್ಯಕ್ಷರು ವಕೀಲರಾಗಿರುವುದು ಇಂಥ ಹೊತ್ತಿನಲ್ಲಿ ಎಷ್ಟು ಉಪಕಾರ ನೋಡಿ, ಮುರಿದಂತೆ ಆಗಲಿಲ್ಲ ಎಂದು ತಲೆಯಾಡಿಸುತ್ತಿದ್ದಾರೆ. ಬಲಗಡೆಯ ಜಮಖಾನೆಯ ಮೇಲೂ ಯಾರೋ ಸೆರಗು ಬಾಯಿಗೆ ಒತ್ತಿ ನಕ್ಕರು. ನಕ್ಕರೆ ಒಪ್ಪಿದಂತೆ. ಮುಂದೆ ಹೋಗೋಣ.

ಮೊದಲನೆಯ ನಿಯಮ ಬೆಳಕಿನದು. ಫೋಟೋ ಎಂದರೇನು? ಗಾಜಿನ ಪ್ಲೇಟಿನ ಮೇಲೆ ಬೆಳಕು ಬಿಟ್ಟುಹೋದ ಗುರುತು, ಅಷ್ಟೇ. ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ, ಹಾಗೆಂದು ನಡು ಮಧ್ಯಾಹ್ನ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಆ ಹೊತ್ತಿನಲ್ಲಿ ಎಲೆಯ ಮೇಲ್ಭಾಗ ಸುಣ್ಣ ಬಳಿದಂತೆ ಬರುತ್ತದೆ, ಕೆಳಭಾಗ ಕಪ್ಪಾಗಿ ಹೋಗುತ್ತದೆ, ನಡುವೆ ಗಿಡ ಎಂಬುದೇ ಇರುವುದಿಲ್ಲ. ಬೆಳಿಗ್ಗೆ ಹಾಲು ಕರೆಯುವ ಹೊತ್ತು ಒಳ್ಳೆಯದು. ಸಂಜೆ ದನಗಳು ಮನೆಗೆ ಬರುವ ಹೊತ್ತು ಒಳ್ಳೆಯದು. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ, ಸ್ವಲ್ಪ ಬದಿಗೆ ಇದ್ದರೆ ಇನ್ನೂ ಲೇಸು.

ಆದರೆ ಸೂರ್ಯ ಬೆನ್ನ ಹಿಂದಿದ್ದರೆ ನಿಮ್ಮ ನೆರಳು ಎಲ್ಲಿ ಬೀಳುತ್ತದೆ? ಮುಂದೆ ಬೀಳುತ್ತದೆ, ಫೋಟೋದೊಳಗೇ ಬೀಳುತ್ತದೆ. ಆದ್ದರಿಂದ ನೆರಳನ್ನು ನೋಡಿಕೊಳ್ಳಬೇಕು. ಒಮ್ಮೆ ನಿಲಂಗಾದ ಹೊರಗಿನ ಕೆರೆಯ ಫೋಟೋ ತೆಗೆದೆ. ಕೆರೆಯ ಮೇಲೆ ಆಚೆ ದಂಡೆಯ ಗಿಡಗಳ ಪ್ರತಿಬಿಂಬ ಬಿದ್ದು ಬಹಳ ಸೊಗಸಾಗಿತ್ತು. ಅದನ್ನು ಹೈದರಾಬಾದಿನ ಒಂದು ಪ್ರದರ್ಶನಕ್ಕೆ ಕಳಿಸಿದೆ. ತಿರುಗಿ ಬಂತು. ಮುಂಭಾಗದಲ್ಲಿ ಕೊಡೆ ಹಿಡಿದು ನಿಂತವರ ನೆರಳು ಬಿದ್ದಿದೆ, ಇದು ಕಲಿಯುವವರ ತಪ್ಪು, ಫೋಟೋದ ಕೆಳ ಅಂಚನ್ನು ಕತ್ತರಿಸಿ ಮತ್ತೆ ಕಳಿಸಬಹುದು ಎಂದು ಅವರ ಅಭಿಪ್ರಾಯ.

ಕೊಡೆ ಏಕೆ ಎಂದರೆ ಕ್ಯಾಮೆರಾದ ಪೆಟ್ಟಿಗೆಗೆ ಬಿಸಿಲು ತಾಗಬಾರದು. ಕೊಡೆ ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ಹಿಡಿಯಲೇಬೇಕು. ಯಾರೋ ಹಿಡಿದಿದ್ದರು. ಅದು ಬೇರೆ ಸುದ್ದಿ. ನಾನು ಹೇಳಬೇಕಾದದ್ದು, ಪ್ರದರ್ಶನದವರು ಹೇಳಿದ್ದು ಸರಿ, ನೀವು ಯಾರೂ ಹಾಗೆ ಮಾಡಬೇಡಿ. ಹಾಗಾದರೆ ನೀವೇಕೆ ಕತ್ತರಿಸಲಿಲ್ಲ ಎಂದು ಕೇಳಬಹುದು. ಕತ್ತರಿ ಮನೆಯಲ್ಲಿತ್ತು. ಪುರಸೊತ್ತೂ ಇತ್ತು. ಯಾಕೋ ಆಗಲಿಲ್ಲ. ಆ ಫೋಟೋ ಈಗ ನಮ್ಮ ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಇದೆ. ಬಂದವರು ಕೆರೆ ನೋಡಿ ಹೋಗುತ್ತಾರೆ. ನಾನು... ನಾನೂ ಕೆರೆಯನ್ನೇ ನೋಡುತ್ತೇನೆ. ಎರಡನೆಯ ನಿಯಮಕ್ಕೆ ಬರೋಣ.

ಎರಡನೆಯ ನಿಯಮ, ಅಲುಗಾಡಬಾರದು. ಕ್ಯಾಮೆರಾ ಅಲುಗಬಾರದು, ನೀವು ಅಲುಗಬಾರದು, ಸಾಧ್ಯವಾದರೆ ಗಿಡವೂ ಅಲುಗಬಾರದು. ಮೊದಲಿನ ಎರಡು ನಮ್ಮ ಕೈಯಲ್ಲಿವೆ. ಲೆನ್ಸಿನ ಮುಚ್ಚಳ ತೆಗೆದ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂಬುದಕ್ಕೆ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ಲೆಕ್ಕಗಳಿವೆ. ನನಗೆ ಈ ವಿದ್ಯೆ ಕಲಿಸಿದ ಸೋಲಾಪುರದ ಗುರುಗಳ ಬಳಿ ಕಿಸೆ ಗಡಿಯಾರವಿತ್ತು. ನನ್ನ ಬಳಿ ಇರಲಿಲ್ಲ. ನಾನು ಮುಚ್ಚಳ ತೆಗೆದು ಪಂಚಾಕ್ಷರಿ ಹೇಳುತ್ತೇನೆ. ಒಳ್ಳೆಯ ಬಿಸಿಲಿದ್ದರೆ ಒಮ್ಮೆ, ಮೋಡವಿದ್ದರೆ ನಿಧಾನವಾಗಿ ಮತ್ತೆ ಮತ್ತೆ. ಅಮೀನ ಸಾಹೇಬರೇ, ಇದು ಧರ್ಮದ ಮಾತಲ್ಲ, ಲೆಕ್ಕದ ಮಾತು. ತಾವು ಫೋಟೋ ತೆಗೆಯುವುದಾದರೆ ತಮ್ಮ ದೇವರ ಹೆಸರಿನಿಂದಲೂ ಪ್ಲೇಟಿಗೆ ಅಷ್ಟೇ ಬೆಳಕು ಬೀಳುತ್ತದೆ.

ಗಾಳಿಯ ಮಾತು ಬೇರೆ. ಜೋಳದ ಹೊಲದ ಫೋಟೋ ತೆಗೆಯಲು ಹೋಗಿ ನೋಡಿ. ಒಂದು ತೆನೆ ನಿಂತಿತು ಎನ್ನುವಷ್ಟರಲ್ಲಿ ಇನ್ನೊಂದು ತಲೆಯಾಡಿಸುತ್ತದೆ. ನಾನು ಕಪ್ಪು ಅರಿವೆಯ ಒಳಗೆ ತಲೆ ಹಾಕಿ ಕಾಯುತ್ತಿರುವಾಗ ಹೊರಗಿನಿಂದ, "ಹಾಂ, ಈಗ ನಿಂತದ ನೋಡ್ರಿ. ಲಗೂ ಲಗೂ" ಎಂದು ಯಾರಾದರೂ ಹೇಳುವವರು ಇರಬೇಕು. ಇದ್ದರೆ ಫೋಟೋ ಆಗುತ್ತದೆ. ನಮ್ಮಲ್ಲಿ ಅಂಥ... ನೀವೂ ಅಂಥ ಒಬ್ಬರನ್ನು ನೋಡಿಕೊಳ್ಳಿ ಎಂದಷ್ಟೇ ನನ್ನ ಸೂಚನೆ. ಅಧ್ಯಕ್ಷರು ಬೆರಳೆತ್ತಿ ಎಚ್ಚರಿಸುತ್ತಿದ್ದಾರೆ. ಉಪಕಾರವಾಯಿತು.

ಮೂರನೆಯದು, ಪ್ರಾಣಿಯ ಫೋಟೋ ತೆಗೆಯಬೇಕಾದರೆ ಅದರ ಹತ್ತಿರ ಹೋಗಬೇಕು, ಹೋದದ್ದು ಅದಕ್ಕೆ ಗೊತ್ತಾಗಬಾರದು. ತುರೋರಿಯ ಆಚೆ ಕರಿ ಹೊಲಗಳಲ್ಲಿ ಚಿಗರಿ ಜಿಂಕೆಗಳು ಬರುವುದನ್ನು ನೀವೆಲ್ಲ ಬಲ್ಲಿರಿ. ಮನುಷ್ಯನನ್ನು ಕಂಡರೆ ಓಡುತ್ತವೆ, ಕುರಿ ಹಿಂಡನ್ನು ಕಂಡರೆ ಓಡುವುದಿಲ್ಲ. ಅಲ್ಲಿ ಬೀರಪ್ಪ ದೇವರ ಒಕ್ಕಲಿನ ಕುರಿಗಾರ ಬೀರಣ್ಣ ಎಂಬವನು ನನ್ನ ಸ್ನೇಹಿತ. ಅಂವನ ಹಿಂಡಿನ ನಡುವೆ ಕ್ಯಾಮೆರಾ ಇಟ್ಟುಕೊಂಡು ನಾನೂ ಅಂವಾ ಇಬ್ಬರೂ ಒಂದೇ ಕರಿ ಕಂಬಳಿ ಹೊದ್ದು ಕುಳಿತೆವು. ಕಪ್ಪು ಅರಿವೆಯ ಕೆಲಸಕ್ಕೆ ಕಂಬಳಿಗಿಂತ ಉತ್ತಮವಾದದ್ದು ಇಲ್ಲ, ಒಂದು ಎಳೆ ಬೆಳಕೂ ಒಳಗೆ ಬರುವುದಿಲ್ಲ. ಗಾಳಿಯೂ ಬರುವುದಿಲ್ಲ. ಒಳಗಿನ ವಾಸನೆಯ ವಿಚಾರವನ್ನು ಈ ಸಭೆಯಲ್ಲಿ ಎತ್ತುವುದಿಲ್ಲ.

ಕಾದು ಕಾದು ಕೊನೆಗೆ ಒಂದು ಗಂಡು ಚಿಗರಿ ಬಂತು. ಎಂಥ ಕೊಂಬು, ಎಂಥ ಬಣ್ಣ. ಬಂದು ನೆಟ್ಟಗೆ ನಮ್ಮ ಎದುರಿಗೇ ನಿಂತಿತು. ನಾನು ಮುಚ್ಚಳ ತೆಗೆದೆ. ಪಂಚಾಕ್ಷರಿಯ ನಡುವೆ ಇದ್ದೆ. ಬೀರಣ್ಣನಿಗೆ ತಾಳ್ಮೆ ತಪ್ಪಿತು. ಕಂಬಳಿಯಿಂದ ತಲೆ ಹೊರಗೆ ಹಾಕಿ, ಊರಿಗೆಲ್ಲ ಕೇಳುವ ದನಿಯಲ್ಲಿ, "ಬಂತೇನ್ರೀ ಕಲ್ಯಾಣಪ್ನೋರ? ಪೆಟ್ಟಿಗ್ಯಾಗ ಬಂತೇನ್ರೀ?" ಎಂದು ಕೇಳಿದ. ಪೆಟ್ಟಿಗೆಯಲ್ಲಿ ಬಂದದ್ದು ಸ್ಪಷ್ಟವಾದ ಕುರಿಗಳು, ಅವುಗಳ ಹಿಂದೆ ಚಿಗರಿ ನಿಂತಿದ್ದ ಜಾಗದಲ್ಲಿ ಒಂದಿಷ್ಟು ಹೊಗೆ. ಬೀರಣ್ಣ ಆ ಫೋಟೋ ನೋಡಿ ಬಹಳ ಸಂತೋಷಪಟ್ಟ. ಒಂದೊಂದು ಕುರಿಯನ್ನೂ ಗುರುತು ಹಿಡಿದ. ಚಿಗರಿಯ ಬಗ್ಗೆ ಅಂವನಿಗೆ ಏನೂ ದುಃಖವಿರಲಿಲ್ಲ.

ನಾಲ್ಕನೆಯ ನಿಯಮ, ಜಾಗ ಹಿಡಿದು ಕಾಯುವುದು. ಇದನ್ನು ತಿಳಿಸುವುದಕ್ಕೆ ಮೊದಲು ನನ್ನ ಉದ್ಯೋಗವನ್ನು ತಿಳಿಸಬೇಕು. ಗಿಡ ಹಕ್ಕಿಗಳ ಫೋಟೋದಿಂದ ಹೊಟ್ಟೆ ತುಂಬುವುದಿಲ್ಲ. ಗಿಡಗಳು ಯಾವತ್ತೂ ಫೋಟೋ ತೆಗೆಸಿಕೊಳ್ಳಲು ಅಂಗಡಿಗೆ ಬಂದದ್ದಿಲ್ಲ. ಮನುಷ್ಯರು ಬರುತ್ತಾರೆಯೇ? ಬರುವುದಿಲ್ಲ, ಕರೆಯುತ್ತಾರೆ. ಯಾವಾಗ ಕರೆಯುತ್ತಾರೆ? ನಮ್ಮ ಶಿವಭಕ್ತ ಮನೆತನಗಳಲ್ಲಿ ಹಿರಿಯರು ಲಿಂಗೈಕ್ಯರಾದಾಗ ಅವರನ್ನು ಕುರ್ಚಿಯ ಮೇಲೆ ಕೂಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹೂವಿನ ಹಾರ ಹಾಕುತ್ತಾರೆ. ಆಗ ನನ್ನನ್ನು ಕರೆಯುತ್ತಾರೆ. ಬದುಕಿದ್ದಾಗ ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ, ಹೋದಮೇಲೆ ಆ ಭಯವಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಇದರಿಂದ ನನ್ನ ಹೊಟ್ಟೆ ತುಂಬಿದೆ, ಇಲ್ಲವೆನ್ನಲಾರೆ. ಆದರೆ ಇದರ ಒಂದು ಪರಿಣಾಮವಿದೆ. ನಾನು ಪೆಟ್ಟಿಗೆ ಹೊತ್ತು ಒಂದು ಓಣಿಗೆ ಹೊಕ್ಕರೆ ಓಣಿಯಲ್ಲಿ ಎಲ್ಲರೂ ತಮ್ಮ ತಮ್ಮ ಮನೆಯ ಮುದುಕರನ್ನು ಎಣಿಸಿಕೊಳ್ಳುತ್ತಾರೆ.

ಸಾಸ್ತೂರಿನಲ್ಲಿ ರೇವಣಪ್ಪನವರ ಮನೆಯ ಪಕ್ಕ ದೊಡ್ಡ ಆಲದ ಮರವಿದೆ. ಮುಂಜಾನೆ ಬೆಳ್ಳಕ್ಕಿಗಳು ಅದರ ಮೇಲೆ ಹಿಂಡಾಗಿ ಕೂಡುತ್ತವೆ. ನಾನು ಸೂರ್ಯ ಏಳುವ ಮೊದಲೇ ಹೋಗಿ, ಎದುರಿನ ಕಟ್ಟೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡು ಊರಿ, ಅರಿವೆಯೊಳಗೆ ತಲೆ ಹಾಕಿ ಕಾಯುತ್ತ ನಿಂತೆ. ಆ ದಿನ ಒಬ್ಬನೇ ಹೋಗಿದ್ದೆ. ಕೊಡೆ ಹಿಡಿಯುವವರು ಜೊತೆಗಿದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಅದಿರಲಿ.

ನೋಡಿದವರು ಏನು ನೋಡಿದರು? ರೇವಣಪ್ಪನವರ ಮನೆಯ ಮುಂದೆ ಕಲ್ಯಾಣಪ್ಪನ ಕ್ಯಾಮೆರಾ ನೋಡಿದರು. ಮುದುಕರಿಗೆ ವಯಸ್ಸಾಗಿತ್ತು, ವಾರದಿಂದ ಕಾಲು ನೋವೆನ್ನುತ್ತಿದ್ದರು. ಇನ್ನೇನು ಬೇಕು? ಆಚೆ ಓಣಿಯ ಬೀಗರು ಅಳುತ್ತ ಬಂದರು. ಅವರು ಅಳುತ್ತ ಬಂದದ್ದನ್ನು ನೋಡಿ ಸೊಸೆ ಕಾಂತಾಬಾಯಿ ಹೌಹಾರಿದಳು. ಮಾವ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು, ಹೊಲದಲ್ಲೇ ಏನೋ ಆಗಿದೆ ಎಂದುಕೊಂಡು ಅವಳೂ ಅಳಲು ಹತ್ತಿದಳು. ಅವಳೇ ಅಳುತ್ತಿರುವಾಗ ಊರಿಗೆ ಇನ್ನೇನು ಸಂಶಯ? ನಾನು ಅರಿವೆಯ ಒಳಗೆ ಬೆಳ್ಳಕ್ಕಿಗಳನ್ನು ನೋಡುತ್ತಿದ್ದೆ. ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ ಎಂಬುದು ತಿಳಿದವರಿಗೆ ತಿಳಿದಿದೆ. ಹೊರಗೆ ಅಳುವಿನ ಸದ್ದು ಕೇಳಿದಾಗ, ಪಾಪ, ಇಲ್ಲಿ ಯಾರೋ ಹೋಗಿದ್ದಾರೆ, ಬಂದದ್ದು ಒಳ್ಳೆಯದೇ ಆಯಿತು, ಹೇಗೂ ಕರೆಸುತ್ತಿದ್ದರು ಎಂದುಕೊಂಡೆ.

ಆ ಹೊತ್ತಿಗೆ ರೇವಣಪ್ಪನವರು ಹೊಲದಿಂದ ಬಂದರು. ಮನೆಯ ಮುಂದೆ ಜನ, ಒಳಗೆ ಅಳು. ಮುದುಕರು ಜನರ ಹಿಂದೆಯೇ ನೆಲಕ್ಕೆ ಕುಸಿದು ಕುಳಿತು, ಟವಲು ಕಣ್ಣಿಗೆ ಒತ್ತಿ ತಾವೂ ಅಳುತ್ತ, ಮುಂದಿನವನನ್ನು, "ಯಾರ್ ಹೋದ್ರೋ ತಮ್ಮಾ?" ಎಂದು ಕೇಳಿದರು.

ಅಂವಾ ತಿರುಗಿ ನೋಡದೆಯೇ, "ರೇವಣಪ್ಪ ಕಾಕಾ ಹೋದ್ರು" ಎಂದ.

"ಯಾವ ರೇವಣಪ್ಪ?"

"ಇದೇ ಮನಿ ರೇವಣಪ್ಪ. ನಿನ್ನಿ ಸಂಜೀಕ ಚಂದ್ ಮಾತಾಡಿದ್ರು ನನ್ನ ಸಂಗಟ."

ಆಮೇಲೆ ನಡೆದದ್ದನ್ನು ನಾನು ವರ್ಣಿಸುವುದಿಲ್ಲ. ನನ್ನ ತಲೆಯ ಮೇಲಿನ ಅರಿವೆಯನ್ನು ರೇವಣಪ್ಪನವರೇ ಕಿತ್ತು ತೆಗೆದರು. "ಹಕ್ಕಿ ತೆಗೀಲಾಕ ಬಂದೀನಿ ಅಂತಿ. ಯಾರರೆ ನಂಬ್ತಾರೇನೋ ಈ ಮಾತ? ಹಕ್ಕಿ ಯಾರ ಮನ್ಯಾಗ ಸತ್ತದ?" ಎಂದು ಬೈದರು. ಬೆಳ್ಳಕ್ಕಿಗಳು ಅಷ್ಟರಲ್ಲಿ ಎದ್ದು ಹೋಗಿದ್ದವು. ಬೈದು ಮುಗಿದ ಮೇಲೆ ಮುದುಕರು ಒಮ್ಮೆ ಸುತ್ತ ನೋಡಿದರು. ತಮಗಾಗಿ ಯಾರು ಯಾರು ಅಳುತ್ತಾರೆ ಎಂಬುದನ್ನು ಬದುಕಿರುವಾಗಲೇ ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಅವರ ಸಿಟ್ಟು ಇಳಿಯಿತು. "ಬಂದ ಮಂದಿಗೆಲ್ಲ ರೊಟ್ಟಿ ಬಡೀರಿ" ಎಂದು ಸೊಸೆಗೆ ಹೇಳಿದರು. ನನ್ನ ಕಡೆ ತಿರುಗಿ, "ಹ್ಯಾಂಗೂ ಬಂದೀದಿ, ನಂದೊಂದು ತೆಗಿ. ನಿಂತೇ ತೆಗಿ. ಕೂತ್ನೆಂದ್ರ ಇವರಿಗೆಲ್ಲ ಖಾತ್ರಿ ಆಗ್ತದ" ಎಂದರು.

ನಿಂತೇ ತೆಗೆದೆ. ಹೆಗಲ ಮೇಲೆ ಹೊಲದ ಬಾರುಕೋಲು, ಮುಖದಲ್ಲಿ ಇನ್ನೂ ಅರ್ಧ ಸಿಟ್ಟು. ಆಮೇಲೆ ಮುದುಕರು ಕೆಲವು ವರ್ಷ ಬದುಕಿದ್ದರು. ನಿಜವಾಗಿ ಲಿಂಗೈಕ್ಯರಾದಾಗ ನಾನು ಪೆಟ್ಟಿಗೆ ಹೊತ್ತು ಹೋದೆ. ಬಾಗಿಲಲ್ಲೇ ಕಾಂತಾಬಾಯಿ ಕೈ ಮುಗಿದಳು. "ಬ್ಯಾಡ್ರಿ ಅಣ್ಣಾ. ಮಾವಂದು ನಿಂತದ್ದೇ ಅದ. ಅದೇ ಸಾಕು ನಮಗ" ಎಂದಳು. ನನ್ನ ಕಸುಬಿನಲ್ಲಿ ಕೆಲಸವಿಲ್ಲವೆಂದು ತಿರುಗಿ ಕಳಿಸಿದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಮನೆಗೆ ಬಂದು ಈ ಸುದ್ದಿ ಹೇಳಿದೆ. ಹೇಳಿ, ಈಗಲಾದರೂ ಫೋಟೋಕ್ಕೆ ಕೂಡು ಎಂದೆ. ಯಾರಿಗೆ ಎಂದು ಕೇಳಬೇಡಿ. ನಾನು ಹೋದ ಹೋದ ಮನೆಗೆಲ್ಲ ಜೊತೆಗೆ ಬಂದು, ಲಿಂಗೈಕ್ಯರಾದವರನ್ನು ಕೂಡಿಸಿದ ಕುರ್ಚಿಯ ಹಿಂದೆ ಬಿಳಿ ಧೋತರದ ಪರದೆ ಹಿಡಿದು ನಿಂತ ಒಬ್ಬರಿಗೆ. ಅವರು ಅಕ್ಕಿ ಆರಿಸುವುದನ್ನು ಬಿಡದೆ, "ನಾ ಆ ಕುರ್ಚಿ ಮ್ಯಾಲ ಹ್ಯಾಂಗೂ ಒಂದಿನ ಕೂಡಾಕೀನೇ ಹೌದು. ಈಗ್ಯಾಕ ಗಡಿಬಿಡಿ?" ಎಂದರು.

ಇಷ್ಟು ಹೇಳಿದ್ದರಿಂದ ಷರತ್ತು ಮುರಿಯಿತೇ? ಅಧ್ಯಕ್ಷರು ಈ ಸಲ ತಲೆಯಾಡಿಸುತ್ತಿಲ್ಲ, ಮೇಲೆ ನೋಡುತ್ತಿದ್ದಾರೆ. ಸಂಶಯದ ಲಾಭವನ್ನು ಆಪಾದಿತನಿಗೆ ಕೊಡಬೇಕೆಂದು ವಿನಂತಿಸಿ ಐದನೆಯ ನಿಯಮಕ್ಕೆ ಬೇಗ ಹೋಗುತ್ತೇನೆ.

ಐದನೆಯ ನಿಯಮ ಸಣ್ಣದು. ಕಂಡದ್ದನ್ನು ಕಂಡ ದಿನವೇ ತೆಗೆಯಬೇಕು. ತುರೋರಿಯ ದಾರಿಯಲ್ಲಿ ಒಂದು ಹಳೆಯ ಹುಣಸೆ ಮರವಿತ್ತು. ಎಷ್ಟೋ ಸಲ ಅದರ ಕೆಳಗೆ ಬುತ್ತಿ ಬಿಚ್ಚಿದ್ದೇನೆ. ಕ್ಯಾಮೆರಾ ಪಕ್ಕದಲ್ಲೇ ಇರುತ್ತಿತ್ತು. ಇದರ ಫೋಟೋ ಯಾವಾಗ ಬೇಕಾದರೂ ತೆಗೆಯಬಹುದು, ಇದೆಲ್ಲಿ ಹೋಗುತ್ತದೆ ಎಂದುಕೊಳ್ಳುತ್ತಿದ್ದೆ. ಒಂದು ಮಳೆಗಾಳಿಗೆ ಬುಡಸಮೇತ ಬಿತ್ತು. ಮರುದಿನ ಹೋಗಿ ಬಿದ್ದ ಮರದ ಫೋಟೋ ತೆಗೆದೆ. ನನ್ನ ಉದ್ಯೋಗಕ್ಕೆ ತಕ್ಕ ಹಾಗೆಯೇ ಆಯಿತು. ಮನುಷ್ಯರದ್ದೂ ಹಾಗೆ, ಮರದ್ದೂ ಹಾಗೆ, ಎಲ್ಲರೂ ಬಿದ್ದಮೇಲೆ ನಾನು.

ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ವಿಷಮಜ್ವರ ಬಂತು. ಯಾರಿಗೆ ಬಂತು ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇರುವುದು ಇಬ್ಬರು. ನನಗೆ ಬಂದಿರಲಿಲ್ಲ.

ಸಭಿಕರೇ, ಬಲಗಡೆಯ ಜಮಖಾನೆಯಿಂದ ಈಗ ಒಬ್ಬರು ಎದ್ದರು. ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ನೀವೆಲ್ಲ ನೋಡಿದಿರಿ.

ನಾನು ಸೋತೆ.

ಇರಲಿ. ಸೋತವನಿಗೆ ಒಂದು ಅನುಕೂಲವಿದೆ, ಅಂವಾ ಮನಸ್ಸು ಬಿಚ್ಚಿ ಮಾತಾಡಬಹುದು. ಆಕೆಯ ಹೆಸರು ರಂಭಾಬಾಯಿ. ದೇವಲೋಕದ ಚೆಲುವೆಯ ಹೆಸರಿಟ್ಟುಕೊಂಡು, ಫೋಟೋದವನನ್ನು ಮದುವೆಯಾಗಿ, ಒಂದೂ ಫೋಟೋ ಇಲ್ಲದೆ ಇರುವವಳು ಈ ಭೂಮಿಯ ಮೇಲೆ ಆಕೆಯೊಬ್ಬಳೇ ಇರಬೇಕು. ಕೊಡೆ ಹಿಡಿದವಳು ಆಕೆ. ಗಾಳಿ ನಿಂತಿತೆಂದು ಹೇಳಿದವಳು ಆಕೆ. ಇದು ನಿಮಗೆ ಆಗಲೇ ತಿಳಿದಿತ್ತು, ನೀವು ಸಜ್ಜನರು, ಸುಮ್ಮನಿದ್ದಿರಿ.

ಜ್ವರ ಇಳಿಯಲೇ ಇಲ್ಲ. ನನ್ನ ಚಿಕ್ಕಪ್ಪನ ಮಗ ಬಕ್ಕಪ್ಪ ದಿನವೂ ಬಂದು ಕೂಡುತ್ತಿದ್ದ, ವೈದ್ಯರನ್ನು ಕರೆತರುತ್ತಿದ್ದ, ನನಗೆ ಊಟ ಹಾಕುತ್ತಿದ್ದ. ಅಂವನಿಗಿಂತ ಒಳ್ಳೆಯವರು ನನಗೆ ಯಾರೂ ಇಲ್ಲ. ಒಂದು ದಿನ ಅಂವಾ ನನ್ನನ್ನು ಹೊರಗಿನ ಕಟ್ಟೆಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದ: "ಅಣ್ಣಾ, ಪ್ಲೇಟು ಅವೇನು ಮನ್ಯಾಗ? ಇಲ್ಲಂದ್ರ ಸೋಲಾಪುರದ ಮೋಟಾರಿನವಗ ಹೇಳ್ತೀನಿ, ನಾಳಿಗೆ ತರ್ತಾನ."

ಅಂವಾ ಕೇಳಿದ್ದರಲ್ಲಿ ತಪ್ಪೇನಿತ್ತು? ಊರಿನಲ್ಲಿ ಎಲ್ಲರಿಗೂ ಮಾಡುವುದನ್ನು ತನ್ನ ಅತ್ತಿಗೆಗೆ ಸರಿಯಾಗಿ ಮಾಡಬೇಕೆಂದು ಕೇಳಿದ. ನಾನು ಒಳಗೆ ಹೋಗಿ, ಕ್ಯಾಮೆರಾದ ಪೆಟ್ಟಿಗೆಯನ್ನೂ ಸ್ಟ್ಯಾಂಡನ್ನೂ ತಂದು ಅಂವನ ಕೈಯಲ್ಲಿ ಹಾಕಿದೆ. "ಇದನ್ನ ನಿಮ್ಮ ಮನಿಗಿ ಒಯ್ಯಿ. ನಾ ಕೇಳೋ ತನಕ ತರಬ್ಯಾಡ" ಎಂದೆ. ಆ ಪೆಟ್ಟಿಗೆ ಒಂದೇ ಮನೆಯಲ್ಲಿ ಆಕೆಯ ಜೊತೆಗೆ ಇರುವುದು ನನಗೆ ಬೇಡವಾಗಿತ್ತು.

ಆ ದಿನ ಆಕೆಯ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿದೆ. ಸಾಸ್ತೂರಿನ ಆಲದ ಮರ ಕೊಂಬೆ ಕೊಂಬೆಯಾಗಿ ಕಂಡಿತು. ಬೀರಣ್ಣನ ಕುರಿಗಳು ಕಂಡವು. ಜ್ವರ ಬರುವ ಮೊದಲು ರಂಭಾಬಾಯಿಯ ಮುಖ ಹೇಗಿತ್ತು ಎಂಬುದು, ಎಷ್ಟು ನೆನೆದರೂ, ಕಾಣಲಿಲ್ಲ. ದಿನವೂ ನೋಡುವ ಮುಖವನ್ನು ನಾವು ಎಲ್ಲಿ ನೋಡುತ್ತೇವೆ? ನನಗೆ ಅಂಥ ಹೆದರಿಕೆ ಹಿಂದೆ ಯಾವತ್ತೂ ಆಗಿರಲಿಲ್ಲ. ನಾನು ಅತ್ತೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಜ್ವರ ಇಳಿಯಿತು. ಕಣ್ಣು ತೆರೆದವಳು ಮೊದಲು ಮೂಲೆಯ ಕಡೆ ನೋಡಿ, "ಪೆಟ್ಟಿಗಿ ಎಲ್ಲದ?" ಎಂದಳು. ಬಕ್ಕಪ್ಪನ ಮನೆಯಲ್ಲಿ ಎಂದೆ. "ಯಾಕ?" ಎಂದಳು. ಆಕೆ ನನ್ನ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡಳು. "ಹುಚ್ಚಪ್ಪ. ಅವರ ಮನ್ಯಾಗ ಕ್ವಾಣಿ ತುಂಬ ಆಡು ಅವ. ಗಾಜು ಒಡೀತಾವ. ಹೋಗಿ ತರ್ರಿ" ಎಂದಳು.

ಇನ್ನು ಷರತ್ತಿನ ಮಾತು. ಆಕೆಯ ಫೋಟೋ ನನಗೆ ಗೋಡೆಗೆ ಹಾಕುವುದಕ್ಕೆ ಬೇಕಾಗಿಲ್ಲ, ಮಂದಿಗೆ ತೋರಿಸುವುದಕ್ಕೂ ಬೇಕಾಗಿಲ್ಲ. ಆಕೆ ನನ್ನ ಕಡೆ ನೋಡುತ್ತಿರುವ ಒಂದು ಫೋಟೋ ಬೇಕು. ನಾನು ತೆಗೆದ ಅಷ್ಟು ಜನರ ಮುಖಗಳಲ್ಲಿ ನನ್ನ ಕಡೆ ನೋಡಿದವರು ರೇವಣಪ್ಪನವರೊಬ್ಬರೇ. ಇಷ್ಟು ಹೇಳಿ ಸೋತೆ, ಸೋತದ್ದಕ್ಕೆ ದುಃಖವಿದೆ. ಇನ್ನು ಆರನೆಯ ನಿಯಮ, ಹಿನ್ನೆಲೆಯನ್ನು ಆರಿಸಿಕೊಳ್ಳುವ ಬಗೆ...

ಅಧ್ಯಕ್ಷರೇ, ಒಂದು ನಿಮಿಷ.

ಸಭಿಕರೇ, ನಿಮ್ಮ ಬೆನ್ನ ಹಿಂದೆ ದೊಡ್ಡ ಬಾಗಿಲಿದೆ. ಅದರಿಂದ ಅಂಗಳ ನನಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ದಯವಿಟ್ಟು ಯಾರೂ ತಿರುಗಬೇಡಿ. ತರುಣರೇ, ನೀವು ಕೂಡ. ಅಂಗಳದ ಕುರ್ಚಿಗಳ ಸಾಲಿನಲ್ಲಿ, ನಡುವಿನ ಕುರ್ಚಿಯ ಮೇಲೆ, ರಂಭಾಬಾಯಿ ಕುಳಿತಿದ್ದಾಳೆ. ಅದು ಅಧ್ಯಕ್ಷರಿಗೆಂದು ಇಟ್ಟ ಕುರ್ಚಿ, ಆಕೆಗೆ ಗೊತ್ತಿಲ್ಲ, ಅಧ್ಯಕ್ಷರು ಕ್ಷಮಿಸಬೇಕು. ಸೆರಗು ಸರಿಮಾಡಿಕೊಂಡಳು. ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಳು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಆಕೆಯ ಎದುರಿಗೇ ಇದೆ, ಅದರ ಹಿಂದೆ ಯಾರೂ ಇಲ್ಲ. ಬಿಸಿಲಿನ ಕಡೆ ಒಮ್ಮೆ ನೋಡಿದಳು. ಈಗ ಬಾಗಿಲಿನ ಕಡೆ ನೋಡಿ, ಇನ್ನೂ ಎಷ್ಟು ಹೊತ್ತು ಎಂದು ಕೈ ಮಾಡುತ್ತಿದ್ದಾಳೆ.

ನೀವೆಲ್ಲ ಹೊರಗೆ ಬಂದರೆ ನಾಚಿ ಎದ್ದುಬಿಡುತ್ತಾಳೆ. ಆದ್ದರಿಂದ ನನ್ನದೊಂದು ಪ್ರಾರ್ಥನೆ. ಅಧ್ಯಕ್ಷರು ತಮ್ಮ ಭಾಷಣವನ್ನು ಈಗಲೇ ಆರಂಭಿಸಬೇಕು, ಮತ್ತು ದಯಮಾಡಿ ಬಹಳ ಉದ್ದವಾಗಿ ಮಾತಾಡಬೇಕು. ಅಮೀನ ಸಾಹೇಬರು ಹೊತ್ತು ಮುಳುಗುವ ವಿಷಯದಲ್ಲಿ ಇವತ್ತೊಂದು ದಿನ ಗಡಿಯಾರ ನೋಡಬಾರದು. ಉಳಿದ ನಿಯಮಗಳು ಪುಸ್ತಕಗಳಲ್ಲಿವೆ, ಓದಿಕೊಳ್ಳಿ. ನನ್ನನ್ನು ಕರೆಸಿ, ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತು ಕೇಳಿದ ನಿಮಗೆಲ್ಲ ನಾನು ಋಣಿ. ಬಿಸಿಲು ಹೋಗುತ್ತಿದೆ, ನಾನು ಹೊರಟೆ. ನಮಸ್ಕಾರ.